ವಿದ್ಯಾರ್ಥಿಗಳ ಡಿಸೈನ್ ಪ್ರಾಜೆಕ್ಟ್‌ಗೆ ಸಣ್ಣ ಅನುದಾನ: ಅರ್ಜಿ ಬರೆಯುವುದು ಹೇಗೆ?

ಸಣ್ಣ ಅನುದಾನದ ಅರ್ಜಿಗಳನ್ನು ಓದಲು ಕೂತಾಗ ನಾನು ಮೊದಲು ತೆರೆಯುವುದು ಬಜೆಟ್ ಪುಟವನ್ನು. ಎಷ್ಟೋ ಅರ್ಜಿಗಳಲ್ಲಿ ಅಲ್ಲಿ ‘ಎಲೆಕ್ಟ್ರಾನಿಕ್ ಬಿಡಿಭಾಗಗಳು’ ಅಂತ ಒಂದೇ ಸಾಲು ಇರುತ್ತದೆ, ಅದರ ಮುಂದೆ ಅನುದಾನದ ಪೂರ್ತಿ ಮೊತ್ತ. ಬರೆದವರು ಜಾಣರೇ. ಐಡಿಯಾ ಕೂಡ ಚೆನ್ನಾಗಿಯೇ ಇರುತ್ತದೆ. ಆದರೆ ಹಣ ಬಂದರೆ ಮೊದಲ ವಾರ ಏನು ಮಾಡುತ್ತೇವೆ ಅನ್ನುವುದನ್ನು ಅವರು ಇನ್ನೂ ಯೋಚಿಸಿಲ್ಲ ಎಂದು ಆ ಒಂದು ಸಾಲೇ ಹೇಳಿಬಿಡುತ್ತದೆ.

ನನಗೆ ಇದು ಬೇಸರ ತರಿಸುವ ವಿಷಯ. ದೊಡ್ಡ ಸಂಶೋಧಕರಿಗೆ ಈ ಮೊತ್ತ ಲೆಕ್ಕಕ್ಕೇ ಬರದಿರಬಹುದು. ಸ್ವಂತ ಜೇಬಿನಿಂದ ಖರ್ಚು ಮಾಡಲಾಗದ ವಿದ್ಯಾರ್ಥಿಗೆ ಮಾತ್ರ, ಪ್ರಾಜೆಕ್ಟ್ ಕಾಗದದಲ್ಲೇ ಉಳಿಯುತ್ತದೋ ಕೈಗೆ ಬರುತ್ತದೋ ಅನ್ನುವುದು ಇದರ ಮೇಲೇ ನಿಂತಿರುತ್ತದೆ. ಹಾಗಾಗಿ ನಾನು ಅರ್ಜಿ ಬರೆಸುವಾಗ ತಂಡಗಳಿಗೆ ಒಂದೇ ಮಾತು ಮತ್ತೆ ಮತ್ತೆ ಹೇಳುತ್ತೇನೆ. ನೀವು ಕೇಳುವ ಪ್ರತಿ ಕಾಸೂ ಯಾವುದಾದರೂ ಒಂದು ಪರೀಕ್ಷೆಗೆ ಹೋಗಿ ಸೇರಬೇಕು. ಕೆಳಗಿನ ಹಂತಗಳೆಲ್ಲ ಆ ಮಾತಿನ ಸುತ್ತಲೇ ಇವೆ.

1. ಹಣ ಹುಡುಕುವ ಮೊದಲು ಪ್ರಶ್ನೆ ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಅದೇ ಇರಲಿ. ನಾಲ್ಕು ಜನರ ತಂಡ. ಕಿವಿ ಕೇಳದ ವಿದ್ಯಾರ್ಥಿಗಳು ಹಾಸ್ಟೆಲ್ ಕೋಣೆಯಲ್ಲಿದ್ದಾಗ ಯಾರಾದರೂ ಬಾಗಿಲು ತಟ್ಟಿದರೆ ಅವರಿಗೆ ತಿಳಿಯುವುದಿಲ್ಲ. ಬಾಗಿಲಿಗೆ ಅಂಟಿಸುವ ಒಂದು ಸೆನ್ಸರ್, ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ. ಬಾಗಿಲು ತಟ್ಟಿದ ಕೂಡಲೇ ಪಟ್ಟಿ ಕಂಪಿಸಬೇಕು.

ಹೆಚ್ಚಿನ ತಂಡಗಳು ಅರ್ಜಿಯಲ್ಲಿ ‘ನಾವು ಇಂಥದೊಂದು ಸಾಧನ ಮಾಡುತ್ತೇವೆ’ ಎಂದು ಬರೆದು ನಿಲ್ಲಿಸುತ್ತವೆ. ಅದು ಆಸೆ. ಪ್ರಶ್ನೆ ಬೇರೆಯೇ ಇದೆ. ಬೆರಳಿನಿಂದ ತಟ್ಟಿದ್ದಕ್ಕೂ, ಗಾಳಿಗೆ ಬಾಗಿಲು ಅಲುಗಿದ್ದಕ್ಕೂ, ಪಕ್ಕದ ಕೋಣೆಯವರು ಬಾಗಿಲು ಧಡಾರನೆ ಹಾಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಈ ಸಾಧನ ಗುರುತಿಸಬಲ್ಲದೇ? ಮರದ ಬಾಗಿಲಿನಲ್ಲಿ ಗುರುತಿಸಿದ್ದನ್ನು ಕಬ್ಬಿಣದ ಬಾಗಿಲಿನಲ್ಲೂ ಗುರುತಿಸಬಲ್ಲದೇ? ಮಲಗಿದವರನ್ನು ಎಬ್ಬಿಸುವಷ್ಟು ಕಂಪನಕ್ಕೆ ಬ್ಯಾಟರಿ ಎಷ್ಟು ದಿನ ಬರುತ್ತದೆ?

ನೋಡಿ, ಈ ಮೂರು ಪ್ರಶ್ನೆ ಬರೆದ ಕೂಡಲೇ ಏನೇನು ಬೇಕಾಗುತ್ತದೆ ಅನ್ನುವುದು ತಾನಾಗಿ ಹೊರಬರುತ್ತದೆ. ಬೇರೆ ಬೇರೆ ಬಾಗಿಲುಗಳು ಬೇಕು, ಎರಡು ಮೂರು ಬಗೆಯ ಸೆನ್ಸರ್ ಬೇಕು, ಪಟ್ಟಿಯನ್ನು ಕಂಪಿಸುವ, ಬೇರೆ ಬೇರೆ ಅಳತೆಯ ಮೋಟರ್ ಬೇಕು. ಬಜೆಟ್‌ನ ಅರ್ಧ ಕೆಲಸ ಇಲ್ಲೇ ಮುಗಿಯಿತು.

ಇದೇ ಹೊತ್ತಿನಲ್ಲಿ ಈಗಾಗಲೇ ಏನಿದೆ ಎಂದು ಹುಡುಕಿ. ಕಿವಿ ಕೇಳದವರಿಗಾಗಿ ಕಂಪಿಸುವ ಅಲಾರಂಗಳು, ಬೆಳಕು ಮಿನುಗಿಸುವ ಕರೆಗಂಟೆಗಳು ಬಹಳ ಹಿಂದಿನಿಂದಲೂ ಇವೆ. ‘ಇಂಥದು ಎಲ್ಲೂ ಇಲ್ಲ’ ಎಂದು ಬರೆದರೆ ಓದುವವರು ಎರಡೇ ನಿಮಿಷದಲ್ಲಿ ಹುಡುಕಿ ತೆಗೆಯುತ್ತಾರೆ. ಅದಕ್ಕಿಂತ, ‘ಇರುವ ಹಲವು ಸಾಧನಗಳಲ್ಲಿ ಬಂದವರು ಗುಂಡಿ ಒತ್ತಬೇಕು, ನಮ್ಮದರಲ್ಲಿ ಎಂದಿನಂತೆ ಬಾಗಿಲು ತಟ್ಟಿದರೆ ಸಾಕು, ಗೋಡೆಗೆ ರಂಧ್ರ ಕೊರೆಯುವುದೂ ಬೇಡ’ ಎಂದು ಬರೆಯಿರಿ. ನಿಮ್ಮ ಹೊಸತನ ಸಣ್ಣದಾಗಿದ್ದರೂ ಪರವಾಗಿಲ್ಲ. ಅದು ನಿಜವಾಗಿರಬೇಕು, ಅಷ್ಟೆ.

2. ಕೊಡುವವರು ಯಾರು?

ನಿಮ್ಮ ಹತ್ತಿರದಿಂದಲೇ ಶುರು ಮಾಡಿ. ವಿಭಾಗದ ನಿಧಿ, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಶೋಧನಾ ನಿಧಿ, ಇವುಗಳಲ್ಲಿ ಸ್ಪರ್ಧೆ ಕಡಿಮೆ. ಎಷ್ಟೋ ಕಡೆ ಅರ್ಜಿಯೇ ಬರದೆ ಹಣ ಹಾಗೇ ಉಳಿಯುತ್ತದೆ. ಆಮೇಲೆ ಸರ್ಕಾರದ ವಿಜ್ಞಾನ ತಂತ್ರಜ್ಞಾನ ಮಂಡಳಿಗಳು, ದತ್ತಿ ಸಂಸ್ಥೆಗಳು, ವೃತ್ತಿಪರ ಸಂಘಗಳು.

ವೃತ್ತಿಪರ ಸಂಘಗಳನ್ನು ವಿದ್ಯಾರ್ಥಿಗಳು ಮರೆಯುವುದೇ ಜಾಸ್ತಿ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇ ತನ್ನ ಮಾನದಂಡ ಶಿಕ್ಷಣ ಸಮಿತಿಯ ಮೂಲಕ ವಿದ್ಯಾರ್ಥಿಗಳ ವಿನ್ಯಾಸ ಪ್ರಾಜೆಕ್ಟ್‌ಗಳಿಗೆ 500 ಡಾಲರ್, ಮಾರ್ಗದರ್ಶಕರಿಗೆ 300 ಡಾಲರ್ ಕೊಡುವ ಯೋಜನೆ ನಡೆಸಿದೆ. ಪ್ರಾಜೆಕ್ಟ್‌ನಲ್ಲಿ ಉದ್ಯಮದ ಮಾನದಂಡಗಳನ್ನು, ಅಂದರೆ ಸಾಧನ ಹೇಗಿರಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂದು ಎಲ್ಲರೂ ಒಪ್ಪಿದ ಲಿಖಿತ ನಿಯಮಗಳನ್ನು, ಬಳಸಿರಬೇಕು ಎಂಬುದು ಅದರ ಮುಖ್ಯ ಷರತ್ತು. ಸಮುದಾಯಕ್ಕೆ ನೆರವಾಗುವ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಅದೇ ಸಂಘದ ಎಪಿಕ್ಸ್ ಎಂಬ ಕಾರ್ಯಕ್ರಮವಿದೆ. ಅದರ ಬೇರು 1995ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಂದು ಕೋರ್ಸ್‌ನಲ್ಲಿದೆ. ಅಲ್ಲಿ ವಿದ್ಯಾರ್ಥಿ ತಂಡಗಳು ಸೇವಾ ಸಂಸ್ಥೆಗಳ ಜೊತೆ ಸೇರಿ ಅವರಿಗೆ ಬೇಕಾದ ಸಾಧನಗಳನ್ನು ರೂಪಿಸುತ್ತವೆ.

ಹಣವೇ ಬರಬೇಕೆಂದೇನೂ ಇಲ್ಲ. ಬಿಡಿಭಾಗ ತಯಾರಿಸುವ ಹಲವು ಕಂಪನಿಗಳು ವಿದ್ಯಾರ್ಥಿಗಳಿಗೆ ಸ್ಯಾಂಪಲ್ ಕಳಿಸುತ್ತವೆ, ಸಾಫ್ಟ್‌ವೇರ್ ಕಂಪನಿಗಳು ವಿದ್ಯಾರ್ಥಿ ಲೈಸೆನ್ಸ್ ಕೊಡುತ್ತವೆ. ಹೀಗೆ ಉಚಿತವಾಗಿ ಸಿಕ್ಕಿದ್ದನ್ನೂ ಅರ್ಜಿಯಲ್ಲಿ ಬರೆಯಿರಿ. ನೀವು ಕೈಕಟ್ಟಿ ಕೂತಿಲ್ಲ ಅನ್ನುವುದು ಓದುವವರಿಗೆ ತಿಳಿಯುತ್ತದೆ.

3. ನಿಯಮಗಳನ್ನು ಪೆನ್ನು ಹಿಡಿದು ಓದಿ

ನಿಯಮದ ಪುಟವನ್ನು ಪ್ರಿಂಟ್ ತೆಗೆದುಕೊಳ್ಳಿ. ಐದು ವಿಷಯಕ್ಕೆ ಗೆರೆ ಎಳೆಯಿರಿ. ಯಾರು ಅರ್ಜಿ ಹಾಕಬಹುದು? ಏನನ್ನು ಕೊಳ್ಳುವಂತಿಲ್ಲ? ಹಣ ಮೊದಲೇ ಬರುತ್ತದೋ, ನೀವು ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಬರುತ್ತದೋ? ಯಾರ ಖಾತೆಗೆ ಬರುತ್ತದೆ? ಕೊನೆಗೆ ಏನು ವರದಿ ಕೊಡಬೇಕು?

ಎರಡನೆಯದರಲ್ಲಿ ತುಂಬ ಜನ ಎಡವುತ್ತಾರೆ. ಎಷ್ಟೋ ಸಣ್ಣ ಅನುದಾನಗಳಲ್ಲಿ ಲ್ಯಾಪ್‌ಟಾಪ್, ಫೋನ್, ಊಟ, ಸಂಬಳ ಇವಕ್ಕೆ ಹಣ ಬಳಸುವಂತಿಲ್ಲ. ಕಾಲೇಜಿನಲ್ಲಿ ಈಗಾಗಲೇ ಇರಬೇಕಾದ ಮಲ್ಟಿಮೀಟರ್, ಸೋಲ್ಡರಿಂಗ್ ಸ್ಟೇಷನ್‌ಗಳನ್ನು ಕೇಳಿದರೂ ಒಪ್ಪದವರಿದ್ದಾರೆ. ಒಂದೇ ಒಂದು ನಿಷಿದ್ಧ ಸಾಲಿಗಾಗಿ ಪೂರ್ತಿ ಅರ್ಜಿ ಬದಿಗೆ ಸರಿದದ್ದನ್ನು ನಾನು ನೋಡಿದ್ದೇನೆ.

ನಾಲ್ಕನೆಯದು ನನಗೆ ಇನ್ನೂ ನೋವು ಕೊಡುತ್ತದೆ. ನಾನು ಮಾರ್ಗದರ್ಶನ ಮಾಡುತ್ತಿದ್ದ ಒಂದು ತಂಡಕ್ಕೆ ಅನುದಾನ ಮಂಜೂರಾಯಿತು. ಹಣ ಸಂಸ್ಥೆಯ ಖಾತೆಗೆ ಬಂತು. ಅದನ್ನು ಯಾವ ಲೆಕ್ಕದ ತಲೆಬರಹದಲ್ಲಿ ಹಾಕಬೇಕು, ಯಾರು ಸಹಿ ಮಾಡಬೇಕು ಅನ್ನುವುದು ತೀರ್ಮಾನವಾಗುವಷ್ಟರಲ್ಲಿ ಆ ಮಕ್ಕಳ ಕೊನೆಯ ಸೆಮಿಸ್ಟರ್ ಮುಗಿದಿತ್ತು. ಅವರು ಸಾಲ ಮಾಡಿ ಪ್ರಾಜೆಕ್ಟ್ ಮುಗಿಸಿದರು. ಆ ಹಣ ವಾಪಸ್ ಹೋಯಿತು. ಅಂದಿನಿಂದ ನಾನು ಅರ್ಜಿ ಬರೆಯುವ ಮೊದಲೇ ವಿದ್ಯಾರ್ಥಿಗಳನ್ನು ಲೆಕ್ಕಪತ್ರ ವಿಭಾಗಕ್ಕೆ ಕಳಿಸುತ್ತೇನೆ. ‘ಹೊರಗಿನಿಂದ ಇಂಥ ಹಣ ಬಂದರೆ ನಮ್ಮ ಕೈಗೆ ಬರಲು ಎಷ್ಟು ದಿನ ಬೇಕು? ಎಷ್ಟು ಕೊಟೇಶನ್ ತರಬೇಕು? ಆನ್‌ಲೈನ್‌ನಲ್ಲಿ ಕೊಂಡರೆ ಒಪ್ಪುತ್ತೀರಾ?’ ಈ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಬರಲಿ. ಅಲ್ಲಿ ಕೂತವರ ಹೆಸರು, ಅವರು ಸಿಗುವ ಹೊತ್ತು ಕೂಡ ತಿಳಿದುಕೊಂಡಿರಲಿ.

ಇನ್ನೊಂದು ಸಣ್ಣ ವಿಷಯ. ಅಂತರರಾಷ್ಟ್ರೀಯ ಸಂಸ್ಥೆಗಳ ಕೊನೆಯ ದಿನಾಂಕ ಯಾವ ದೇಶದ ಗಡಿಯಾರದ ಪ್ರಕಾರ ಅನ್ನುವುದನ್ನು ನೋಡಿ. ‘ಎನಿವೇರ್ ಆನ್ ಅರ್ತ್’ ಎಂದಿದ್ದರೆ ಅದು ಅಂತರರಾಷ್ಟ್ರೀಯ ಸಮಯಕ್ಕಿಂತ (ಯುಟಿಸಿ) 12 ಗಂಟೆ ಹಿಂದಿರುವ ಗಡಿಯಾರ, ಅಂದರೆ ಭೂಮಿಯ ಯಾವ ಮೂಲೆಯಲ್ಲಾದರೂ ಆ ದಿನ ಮುಗಿದಿಲ್ಲದಿದ್ದರೆ ನಿಮಗೆ ಇನ್ನೂ ಹೊತ್ತಿದೆ. ಹಾಗಿಲ್ಲದೆ, ನಿಮಗಿಂತ ಮುಂದಿರುವ ದೇಶದ ಮಧ್ಯರಾತ್ರಿ ಎಂದಿದ್ದರೆ ನಿಮ್ಮ ಸಂಜೆಯೇ ಬಾಗಿಲು ಮುಚ್ಚಿರುತ್ತದೆ.

4. ಸಮಸ್ಯೆಯನ್ನು ಒಬ್ಬ ಮನುಷ್ಯನಿಂದ ಶುರು ಮಾಡಿ

ಮೊದಲ ಪ್ಯಾರಾದಲ್ಲಿ ಜಗತ್ತಿನಲ್ಲಿ ಎಷ್ಟು ಕೋಟಿ ಜನರಿಗೆ ಕಿವಿ ಕೇಳುವುದಿಲ್ಲ ಎಂದು ಬರೆಯುವ ಅಭ್ಯಾಸ ಎಲ್ಲರಿಗೂ ಇದೆ. ಅದು ತಪ್ಪಲ್ಲ. ಆದರೆ ಅದೇ ಸಂಖ್ಯೆ ಆ ದಿನ ಹತ್ತು ಅರ್ಜಿಗಳಲ್ಲಿ ಬಂದಿರುತ್ತದೆ. ಅದರ ಬದಲು ನೀವು ಯಾರ ಜೊತೆ ಮಾತಾಡಿದಿರಿ, ಅವರು ಏನು ಹೇಳಿದರು ಎಂದು ಬರೆಯಿರಿ. ‘ನಾವು ಮಾತಾಡಿಸಿದ ಆರು ಜನರಲ್ಲಿ ನಾಲ್ವರು ರಾತ್ರಿ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಾರೆ, ಏನಾದರೂ ಆದರೆ ಯಾರಾದರೂ ಒಳಗೆ ಬಂದು ಎಬ್ಬಿಸಲಿ ಅಂತ.’ ಇಂಥ ಒಂದು ಸಾಲು ಓದಿದ ಮೇಲೆ ಯಾರಾದರೂ ಮುಂದೆ ಓದದೆ ಇರುತ್ತಾರಾ? ಇಲ್ಲಿ ನಾನು ಕೊಟ್ಟಿರುವ ಸಂಖ್ಯೆ ಉದಾಹರಣೆಗೆ ಮಾತ್ರ. ನಿಮ್ಮ ಅರ್ಜಿಯಲ್ಲಿ ನೀವು ಕೇಳಿ ತಂದದ್ದೇ ಇರಬೇಕು.

ಮಾತಾಡಿಸದೆ ಅರ್ಜಿ ಹಾಕಬೇಡಿ ಎಂದು ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಮಾತಾಡಿಸಿದ ತಂಡದ ವಿನ್ಯಾಸವೇ ಬದಲಾಗುತ್ತದೆ. ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮಲಗಲು ಆಗುವುದಿಲ್ಲ, ದಿಂಬಿನ ಕೆಳಗೆ ಇಡುವಂತಿರಲಿ ಎಂದು ಯಾರೋ ಹೇಳುತ್ತಾರೆ. ಆ ಮಾತನ್ನು ಕೋಣೆಯಲ್ಲಿ ಕೂತು ನಾವು ಊಹಿಸಲಾರೆವು.

5. ಪರೀಕ್ಷೆಯ ಯೋಜನೆ

ಅರ್ಜಿಯ ಬೆನ್ನೆಲುಬು ಇದು. ಒಂದೊಂದು ಪ್ರಶ್ನೆಗೂ ಮೂರು ವಿಷಯ ಬರೆಯಿರಿ: ಏನು ಮಾಡುತ್ತೇವೆ, ಏನನ್ನು ಅಳೆಯುತ್ತೇವೆ, ಎಷ್ಟು ಬಂದರೆ ಸಾಕು.

ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು. ‘ಐದು ಬಾಗಿಲುಗಳು, ಮೂರು ಮರದವು, ಎರಡು ಕಬ್ಬಿಣದವು. ಒಂದೊಂದಕ್ಕೂ 40 ಸಲ ತಟ್ಟುತ್ತೇವೆ. ಒಟ್ಟು 200. ಬೇರೆಯವರು ಬಾಗಿಲು ಹಾಕುವುದು, ಹೆಜ್ಜೆ ಸದ್ದು, ಗಾಳಿ, ಇಂಥ 200 ಸುಳ್ಳು ಸಂದರ್ಭಗಳನ್ನೂ ಸೇರಿಸುತ್ತೇವೆ. ನಿಜವಾದ ತಟ್ಟುವಿಕೆಯಲ್ಲಿ 190 ಆದರೂ ಸಿಗಬೇಕು. ಸುಳ್ಳು ಎಚ್ಚರಿಕೆ 10ಕ್ಕಿಂತ ಕಡಿಮೆ ಇರಬೇಕು.’

‘ಎಷ್ಟು ಬಂದರೆ ಸಾಕು’ ಅನ್ನುವುದನ್ನು ಬರೆಯಲು ವಿದ್ಯಾರ್ಥಿಗಳು ಹೆದರುತ್ತಾರೆ. ಅಷ್ಟು ಬರದಿದ್ದರೆ ಹಣ ವಾಪಸ್ ಕೇಳುತ್ತಾರೇನೋ ಅಂತ. ಸಾಮಾನ್ಯವಾಗಿ ಹಾಗೆ ಕೇಳುವುದಿಲ್ಲ. 190ರ ಬದಲು 150 ಬಂತು, ಕಬ್ಬಿಣದ ಬಾಗಿಲಿನಲ್ಲಿ ಕಂಪನ ಜಾಸ್ತಿ ಹೊತ್ತು ಉಳಿದು ಸೆನ್ಸರ್ ಗೊಂದಲಕ್ಕೆ ಬಿತ್ತು ಎಂದು ವರದಿಯಲ್ಲಿ ಬರೆದರೆ ಅದು ಒಳ್ಳೆಯ ವರದಿಯೇ. ಏನೂ ಅಳೆಯದೆ ‘ಸಾಧನ ಚೆನ್ನಾಗಿ ಕೆಲಸ ಮಾಡಿತು’ ಎಂದು ಬರೆಯುವುದು ಕೆಟ್ಟ ವರದಿ.

ಜನರ ಮೇಲೆ ಪರೀಕ್ಷೆ ಮಾಡುವುದಿದ್ದರೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗಬಹುದು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಪಾಲ್ಗೊಳ್ಳುವವರ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಕಿವಿ ಕೇಳದವರ ಜೊತೆ ಕೆಲಸ ಅಂದರೆ ಸಂಜ್ಞಾ ಭಾಷೆ ಬಲ್ಲವರೊಬ್ಬರು ಬೇಕು. ಅವರ ಸಮಯಕ್ಕೂ ಬಜೆಟ್‌ನಲ್ಲಿ ಜಾಗ ಇರಲಿ.

6. ಬಜೆಟ್: ಇಲ್ಲಿ ನಿಧಾನ ಮಾಡಿ

ಸಿಗುವ ಮೊತ್ತ 100 ಪಾಲು ಎಂದುಕೊಳ್ಳಿ. ನಮ್ಮ ತಂಡದ ಹಂಚಿಕೆ ಹೀಗಿರಬಹುದು.

ಮೂರು ಬಗೆಯ ಕಂಪನ ಸೆನ್ಸರ್‌ಗಳಿಗೆ 14. ಸರ್ಕ್ಯೂಟ್ ಬೋರ್ಡ್ ಎರಡು ಸುತ್ತು ಮಾಡಿಸಲು 22. ಸಾಧನವನ್ನು ನಡೆಸುವ ಪುಟ್ಟ ಚಿಪ್ (ಮೈಕ್ರೋಕಂಟ್ರೋಲರ್) ಮತ್ತು ಬಾಗಿಲಿನಿಂದ ಪಟ್ಟಿಗೆ ಸಂಕೇತ ಕಳಿಸುವ ರೇಡಿಯೋ ಮಾಡ್ಯೂಲ್‌ಗಳಿಗೆ 16. ಮೋಟರ್, ಪಟ್ಟಿ, ಹೊರಕವಚಕ್ಕೆ 8. ಬ್ಯಾಟರಿ ಮತ್ತು ಚಾರ್ಜಿಂಗ್ ಭಾಗಗಳಿಗೆ 12. ಸಾಗಣೆ, ತೆರಿಗೆ, ಸುಂಕಕ್ಕೆ 12. ಪರೀಕ್ಷೆಗೆ ಬರುವವರ ಓಡಾಟ ಮತ್ತು ಸಂಜ್ಞಾ ಭಾಷೆಯ ನೆರವಿಗೆ 8. ಕೈಕೊಡುವ ಭಾಗಗಳಿಗೆ ಅಂತ 8.

ಸರ್ಕ್ಯೂಟ್ ಬೋರ್ಡ್‌ಗೆ ಯಾಕೆ ಎರಡು ಸುತ್ತು? ಮೊದಲ ಸುತ್ತಿನಲ್ಲೇ ಸರಿಯಾದ ಬೋರ್ಡ್ ಬರುವುದು ಅಪರೂಪ. ಒಂದು ಪಿನ್ ತಿರುಗಿರುತ್ತದೆ, ಒಂದು ರಂಧ್ರ ಚಿಕ್ಕದಾಗಿರುತ್ತದೆ. ಒಂದೇ ಸುತ್ತಿಗೆ ಹಣ ಕೇಳಿದ ಅರ್ಜಿಯನ್ನು ಕಂಡರೆ, ಈ ತಂಡ ಮುಂಚೆ ಬೋರ್ಡ್ ಮಾಡಿಸಿಲ್ಲ ಎಂದು ಅನುಭವಿಗಳಿಗೆ ತಿಳಿಯುತ್ತದೆ. 3ಡಿ ಪ್ರಿಂಟ್ ಕೂಡ ಹಾಗೇ. 50 ಗ್ರಾಂ ತೂಗುವ ಒಂದು ಕವಚ ಬೇಕಿದ್ದರೆ 50 ಗ್ರಾಂ ಪ್ಲಾಸ್ಟಿಕ್‌ಗೆ ಲೆಕ್ಕ ಹಾಕಬೇಡಿ. ಅಳತೆ ಸರಿಯಾಗುವಷ್ಟರಲ್ಲಿ ನಾಲ್ಕೈದು ಸಲ ಪ್ರಿಂಟ್ ಮಾಡಿರುತ್ತೀರಿ.

ಬ್ಯಾಟರಿ ವಿಷಯದಲ್ಲಿ ಒಂದು ಎಚ್ಚರ. ಲಿಥಿಯಂ ಅಯಾನ್ ಸೆಲ್‌ಗಳನ್ನು ಬಿಡಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದನ್ನು 2016ರ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ವಿಮಾನಯಾನ ನಿಯಮ ತಡೆದಿದೆ. ಹಾಗಾಗಿ ಹೊರದೇಶದಿಂದ ತರಿಸಿದರೆ ಉಳಿದ ಭಾಗಗಳೆಲ್ಲ ಬಂದು ಬ್ಯಾಟರಿ ಒಂದೇ ಬಾಕಿ ಇರಬಹುದು. ನಿಮ್ಮ ದೇಶದೊಳಗೇ ಸಿಗುವ ಸೆಲ್ ಆರಿಸಿ, ಅದಕ್ಕೆ ತಕ್ಕಂತೆ ಕವಚದ ಅಳತೆ ಇಡಿ.

ಪ್ರತಿ ಸಾಲಿನ ಪಕ್ಕ ಒಂದು ಕಾಲಂ ಹಾಕಿ: ‘ಯಾವ ಪರೀಕ್ಷೆಗೆ?’ ಆ ಕಾಲಂ ಖಾಲಿ ಉಳಿದರೆ ಆ ಸಾಲು ತೆಗೆದುಬಿಡಿ. ಬೆಲೆಯನ್ನು ಅಂದಾಜಿನಲ್ಲಿ ಬರೆಯಬೇಡಿ, ಆ ವಾರದ ಕೊಟೇಶನ್ ಇಡಿ, ತಾರೀಖು ಹಾಕಿ. ಮೊತ್ತ ಸುಮ್ನೆ ದುಂಡಗೆ ಬಂದರೆ ಅನುಮಾನ ಬರುತ್ತದೆ. ಇನ್ನು ಸಾಗಣೆ ಮತ್ತು ಸುಂಕ. ವಿದ್ಯಾರ್ಥಿಗಳ ಬಜೆಟ್ ಒಡೆಯುವುದು ಬಹಳ ಸಲ ಇಲ್ಲೇ. ಸಣ್ಣ ಚಿಪ್‌ಗಿಂತ ಅದನ್ನು ತರಿಸುವ ಖರ್ಚೇ ಹೆಚ್ಚಾಗುವುದುಂಟು. ಎಲ್ಲವನ್ನೂ ಒಂದೇ ಕಡೆಯಿಂದ ಒಂದೇ ಸಲ ತರಿಸುವಂತೆ ಪಟ್ಟಿ ಮಾಡಿಕೊಳ್ಳಿ.

ಅರ್ಜಿಗೆ ಸೇರಿಸದಿದ್ದರೂ ಇನ್ನೊಂದು ಬಜೆಟ್ ನಿಮ್ಮ ಹತ್ತಿರ ಇರಲಿ: 60 ಪಾಲು ಮಾತ್ರ ಸಿಕ್ಕರೆ ಏನು ಬಿಡುತ್ತೀರಿ? ನಮ್ಮ ತಂಡವಾದರೆ ಸೆನ್ಸರ್ ಒಂದೇ ಬಗೆಗೆ ಇಳಿಸಿ, ಬೋರ್ಡ್ ಮಾಡಿಸುವುದನ್ನೇ ಕೈಬಿಟ್ಟು, ಸಾಗಣೆಯಂಥ ಸಾಲುಗಳನ್ನೂ ತಗ್ಗಿಸಿ, ಸಿದ್ಧ ಮಾಡ್ಯೂಲ್‌ಗಳಲ್ಲೇ ಪರೀಕ್ಷೆ ಮುಗಿಸಬಹುದು. ಭಾಗಶಃ ಮಂಜೂರಾತಿ ಬಂದಾಗ ಎರಡೇ ದಿನದಲ್ಲಿ ಉತ್ತರ ಕೇಳುವುದುಂಟು. ಆಗ ಯೋಚಿಸಲು ಹೊತ್ತಿರುವುದಿಲ್ಲ.

7. ವೇಳಾಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಬರೆಯಿರಿ

ಪ್ರಾಜೆಕ್ಟ್ ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸಿ. ವರದಿಗೆ ಎರಡು ವಾರ, ಪರೀಕ್ಷೆಗೆ ಮೂರು, ಎರಡನೇ ಬೋರ್ಡ್‌ಗೆ ಮೂರು, ಮೊದಲ ಬೋರ್ಡ್‌ಗೆ ನಾಲ್ಕು, ಭಾಗಗಳು ಬರಲು ಮೂರು. ಅಲ್ಲಿಗೆ 15 ವಾರ ಆಯಿತು. ಅನುದಾನದ ಫಲಿತಾಂಶ ಅದಕ್ಕಿಂತ ತಡವಾಗಿ ಬರುವುದಾದರೆ ಈ ವರ್ಷ ಆ ಅನುದಾನ ನಿಮಗೆ ಒದಗುವುದಿಲ್ಲ. ಇದನ್ನು ಈಗಲೇ ತಿಳಿಯುವುದು ಒಳ್ಳೆಯದು. ಅದೇ ಶ್ರಮವನ್ನು ಬೇರೆ ಕಡೆ ಹಾಕಬಹುದು. ನಡುವೆ ಪರೀಕ್ಷೆಯ ದಿನಗಳು, ರಜೆಗಳು ಬರುತ್ತವೆ, ಅವನ್ನೂ ಗುರುತು ಹಾಕಿ.

8. ಮಾನದಂಡಗಳ ಬಗ್ಗೆ ಒಂದೆರಡು ಸಾಲು

ಕೆಲವು ಅನುದಾನಗಳಿಗೆ ಇದು ಕಡ್ಡಾಯ. ಕೇಳದಿದ್ದರೂ ಬರೆದರೆ ಅರ್ಜಿಗೆ ತೂಕ ಬರುತ್ತದೆ. ಆದರೆ ಹೆಸರು ಉದುರಿಸಬೇಡಿ, ಮಾನದಂಡ ನಿಮ್ಮ ಪರೀಕ್ಷೆಯನ್ನು ಹೇಗೆ ಬದಲಿಸಿತು ಎಂದು ಹೇಳಿ. ‘ಪಟ್ಟಿ ನೀರು ನಿರೋಧಕ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ (ಐಇಸಿ) 60529 ಎಂಬ ಮಾನದಂಡ ನೀರಿನಿಂದ ರಕ್ಷಣೆಯನ್ನು ಸಂಕೇತಗಳಲ್ಲಿ ಹೇಳುತ್ತದೆ: ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಚಿಮ್ಮಿದರೂ ತಡೆಯಬೇಕು, ಐಪಿಎಕ್ಸ್7 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಹಾಳಾಗಬಾರದು. ಕೈ ತೊಳೆಯುವಾಗಿನ ನೀರಿಗೆ ಮೊದಲನೆಯದು ಸಾಕು ಎಂದು ಬರೆದರೆ, ನೀವು ಯೋಚಿಸಿ ಆರಿಸಿದ್ದೀರಿ ಎಂದು ಗೊತ್ತಾಗುತ್ತದೆ. ಮೈಗೆ ತಾಗುವ ಬ್ಯಾಟರಿಗೆ ಐಇಸಿ 62133 ಪ್ರಕಾರ ಪರೀಕ್ಷೆಯಾದ ಸೆಲ್ ಕೊಳ್ಳುತ್ತೇವೆ ಎನ್ನುವುದೂ ಹಾಗೇ.

9. ಕಳಿಸುವ ಮೊದಲು

ಗೈಡ್ ಅವರ ಬೆಂಬಲ ಪತ್ರ ಬೇಕಿದ್ದರೆ ಕನಿಷ್ಠ ಹತ್ತು ದಿನ ಮೊದಲೇ ಕೇಳಿ, ಜೊತೆಗೆ ನಿಮ್ಮ ಕರಡು ಅರ್ಜಿಯನ್ನೂ ಕೊಡಿ. ಇಲ್ಲದಿದ್ದರೆ ‘ಇವರು ಒಳ್ಳೆಯ ವಿದ್ಯಾರ್ಥಿಗಳು’ ಎಂಬ ಪತ್ರ ಬರುತ್ತದೆ. ಲ್ಯಾಬ್ ಯಾವ ಹೊತ್ತಿಗೆ ತೆರೆದಿರುತ್ತದೆ, ಯಾವ ಉಪಕರಣ ಇವರಿಗೆ ಸಿಗುತ್ತದೆ, ಗೈಡ್ ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂಬ ಪತ್ರ ಹೆಚ್ಚು ಉಪಯೋಗ.

ನಂತರ ಅರ್ಜಿಯನ್ನು ಬೇರೆ ವಿಭಾಗದ ಒಬ್ಬ ಗೆಳೆಯನಿಗೋ ಗೆಳತಿಗೋ ಕೊಡಿ. ಓದಿದ ಮೇಲೆ ಕಾಗದ ಕೆಳಗಿಡಿಸಿ ಕೇಳಿ: ‘ನಾವು ಏನು ಮಾಡ್ತೀವಿ, ಯಾರಿಗೆ, ಹಣ ಯಾಕೆ ಬೇಕು?’ ಮೂರಕ್ಕೂ ಅವರು ಸ್ವಂತ ಮಾತಿನಲ್ಲಿ ಉತ್ತರ ಹೇಳಿದರೆ ಅರ್ಜಿ ಸಿದ್ಧವಾಗಿದೆ. ತಡವರಿಸಿದ ಕಡೆ ಮತ್ತೆ ಬರೆಯಿರಿ.

ಫೈಲ್ ಹೆಸರು, ಪುಟದ ಮಿತಿ, ಸಹಿ ಎಲ್ಲ ನೋಡಿ ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಕಳಿಸಿ. ಸ್ವೀಕೃತಿಯ ಇಮೇಲ್ ಉಳಿಸಿಕೊಳ್ಳಿ.

10. ಉತ್ತರ ಬಂದ ಮೇಲೆ

ಸಿಗಲಿಲ್ಲ ಅಂದರೆ ಒಂದು ಸೌಜನ್ಯದ ಪತ್ರ ಬರೆದು ಓದಿದವರ ಟಿಪ್ಪಣಿ ಕೇಳಿ. ಎಲ್ಲರೂ ಕೊಡುವುದಿಲ್ಲ. ಕೊಟ್ಟರೆ ಅದು ಮುಂದಿನ ಅರ್ಜಿಗೆ ಬಂಗಾರ. ಆ ಬೇಸರದಲ್ಲಿ ಅರ್ಜಿಯನ್ನು ಅಳಿಸಿಹಾಕಬೇಡಿ. ಅದೇ ಪರೀಕ್ಷಾ ಯೋಜನೆ, ಅದೇ ಬಜೆಟ್ ಸ್ವಲ್ಪ ತಿದ್ದುಪಡಿಯೊಂದಿಗೆ ಇನ್ನೆರಡು ಕಡೆ ಹೋಗಬಹುದು.

ಸಿಕ್ಕರೆ ಮೊದಲ ದಿನವೇ ಒಬ್ಬರು ಲೆಕ್ಕದ ಹೊಣೆ ಹೊರಲಿ. ಪ್ರತಿ ಬಿಲ್ ಕೈಗೆ ಬಂದ ದಿನವೇ ಫೋಟೊ ತೆಗೆದು, ಹಾಳೆಯಲ್ಲಿ ಬರೆದು, ಬಜೆಟ್‌ನ ಯಾವ ಸಾಲಿಗೆ ಸೇರಿದ್ದು ಎಂದು ಗುರುತು ಹಾಕಿ. ಕೆಲವು ಅಂಗಡಿಗಳ ಬಿಲ್ ಕಾಗದದ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಒಂದು ಸಾಲಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಖರ್ಚು ಮಾಡುವ ಮೊದಲು ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಮುಂಚೆ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಖರ್ಚು ಮಾಡಿದ ಮೇಲೆ ಹೇಳಿದರೆ ನಂಬಿಕೆ ಹೋಗುತ್ತದೆ. ಹಣ ಉಳಿದರೆ ಉಳಿದಿದೆ ಎಂದೇ ಬರೆದು ಹಿಂತಿರುಗಿಸಿ.

ವರದಿಗೆ ಕಾಯದೆ ಪ್ರತಿ ವಾರ ನಾಲ್ಕು ಫೋಟೊ, ಅರ್ಧ ಪುಟ ಟಿಪ್ಪಣಿ ಇಡಿ. ಸುಟ್ಟ ಬೋರ್ಡ್‌ನ ಫೋಟೊ ಕೂಡ ಇರಲಿ. ಕೊನೆಗೆ ಸೆನ್ಸರ್‌ಗಳು, ಉಳಿದ ಬೋರ್ಡ್‌ಗಳು, ಅಳತೆಯ ಹಾಳೆಗಳು, ಅರ್ಜಿಯ ಪ್ರತಿ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ ಲ್ಯಾಬ್‌ನಲ್ಲಿ ಕೊಟ್ಟು ಹೋಗಿ. ಮುಂದಿನ ವರ್ಷ ಬರುವ ಜೂನಿಯರ್‌ಗಳು ಅದನ್ನು ತೆರೆದರೆ, ಅವರ ಅರ್ಜಿಯ ಮೊದಲ ಸಾಲೇ ಹೀಗಿರಬಹುದು: ‘ಹೋದ ವರ್ಷದ ತಂಡ ಕಬ್ಬಿಣದ ಬಾಗಿಲಿನಲ್ಲಿ ತಟ್ಟಿದ 80 ಸಲದಲ್ಲಿ 30 ಸಲ ಸೆನ್ಸರ್ ತಪ್ಪಿತು. ಯಾಕೆ ತಪ್ಪಿತು ಎಂದು ತಿಳಿಯಲು ನಮಗೆ ಎರಡು ವಸ್ತು ಬೇಕು.’